ಅತ್ತೆಯ ಎಡಗೈ

ಶಕುನ, ಸತ್ತವರ ಸುಳಿವು ಇಂಥ ಮಾತುಗಳನ್ನು ನಾನು ಎಂದೂ ಒಪ್ಪಿದವಳಲ್ಲ. ನನ್ನ ಓದು ಹತ್ತನೆಯ ತರಗತಿಗೆ ನಿಂತಿತು. ಆದರೆ ಯಜಮಾನರು ವಿಜ್ಞಾನಿ. ಯಾರಾದರೂ ಇಂಥ ಕಥೆ ಹೇಳಿದರೆ ಅವರು, "ಏನರೆ ಕಾರಣ ಇರ್ತದ, ಹುಡುಕಬೇಕು" ಎನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಈಗ ಹೇಳುವ ಸಂಗತಿಗೆ ಮಾತ್ರ ಕಾರಣ ಹುಡುಕಿ ಸೋತಿದ್ದೇನೆ.

ಅವರು ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಚೇಳಿನ ವಿಷದ ಮೇಲೆ ಕೆಲಸ ಮಾಡುತ್ತಿದ್ದರು. ವಿಷ ನರಗಳನ್ನು ಹೇಗೆ ಕೆಡಿಸುತ್ತದೆ, ಅದರೊಳಗಿನ ಯಾವ ಅಂಶದಿಂದ ನೋವಿನ ಔಷಧ ಮಾಡಬಹುದು ಎಂಬುದರಲ್ಲೇ ತೊಂಬತ್ತರ ದಶಕವೆಲ್ಲ ಕಳೆಯಿತು. ಒಂದು ಅಂಶ ಸಿಕ್ಕಿತ್ತು. ಇಲಿಗಳಿಗೆ ಕೊಟ್ಟರೆ ನೋವು ಇಳಿಯುತ್ತಿತ್ತು, ಅದರ ಜೊತೆ ಅವುಗಳ ಕಾಲೂ ಜೋಮು ಹಿಡಿಯುತ್ತಿತ್ತು. ನೋವನ್ನಷ್ಟೇ ತೆಗೆಯುವುದು ಅವರಿಗೆ ಕೊನೆಗೂ ಸಾಧ್ಯವಾಗಲಿಲ್ಲ.

ನಾನು ಶಹಾಬಾದ ಹತ್ತಿರದ ಭಂಕೂರಿನಲ್ಲಿ ಅತ್ತೆಯ ಜೊತೆ ಇದ್ದೆ. ಲಕ್ವಾ ಹೊಡೆದು ಅವರ ಎಡಗೈಯ ಸ್ಪರ್ಶ ಹೋಗಿತ್ತು. ಬಿಸಿ ಹಂಚು ತಾಗಿ ಚರ್ಮ ಸುಟ್ಟರೂ ತಿಳಿಯುತ್ತಿರಲಿಲ್ಲ. ಯಜಮಾನರು ರಜೆಗೆ ವಾಡಿಯಲ್ಲಿ ರೈಲು ಬದಲಿಸಿ ಬರುತ್ತಿದ್ದರು. ನಮ್ಮ ಕಡೆ ಕಲ್ಲಿನ ಗಣಿಗಳಲ್ಲಿ ಪರಸಿ ಚಪ್ಪಡಿ ಎತ್ತಿದರೆ ಅಡಿಯಲ್ಲಿ ಚೇಳು ಸಿಗುತ್ತದೆ. ಬೇರೆ ಕಡೆ ಹೊಡೆದು ಹಾಕುತ್ತಾರೆ. ಇಲ್ಲಿಯ ಗಣಿಯವರು ಮುಚ್ಚಳಕ್ಕೆ ತೂತು ಹಾಕಿದ ಹಾಲಿನಪುಡಿ ಡಬ್ಬಿಯಲ್ಲಿ ಇವರಿಗಾಗಿ ಜೀವಂತ ಹಿಡಿದಿಡುತ್ತಿದ್ದರು. ನಾನು ಅವಕ್ಕೆ ನೀರಿಗಾಗಿ ಒದ್ದೆ ಹತ್ತಿ ಇಟ್ಟು ಕಾಯುತ್ತಿದ್ದೆ.

ಯಜಮಾನರು ತೀರಿಕೊಂಡದ್ದು ಹೈದರಾಬಾದಿನಲ್ಲಿ, ಕೆಲಸದ ಮೇಜಿನ ಮುಂದೆಯೇ, ಹೃದಯ ನಿಂತು. ಅಂತ್ಯಕ್ರಿಯೆಯೂ ಅಲ್ಲೇ ಆಯಿತು. ಪ್ರಯಾಣ ಮಾಡಲಾಗದ ಅತ್ತೆ ಮಗನ ಮುಖ ನೋಡಲಿಲ್ಲ. ನಾನು ಮರಳಿದ ಮೇಲೂ ನಾವಿಬ್ಬರೂ ಅಳಲಿಲ್ಲ. ನಾನು ನೀರು ತುಂಬಿದೆ, ಪಾತ್ರೆ ತೊಳೆದೆ. ಅತ್ತೆ ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. "ಮುದುಕಿ ಅಳಲಿಲ್ಲಂದ್ರ ಉಳಿಯಂಗಿಲ್ಲ" ಎಂದು ನೆರೆಯವರು ಅಂದರು. ಇವರೂ ಹೋಗುತ್ತಾರೆ ಎಂದು ನನಗೂ ಅನ್ನಿಸಿತ್ತು. ಭಯವೂ ಆಗಲಿಲ್ಲ, ಗೊತ್ತಾಗಿತ್ತು ಅಷ್ಟೇ.

ಹೀಗಿರುವಾಗ ಒಂದು ಮಧ್ಯಾಹ್ನ ಗಣಿಯ ಶಿವರಾಯ ಬಂದ. ಚಿತ್ತಾಪುರದ ಕಡೆ ಕೆಲಸಕ್ಕೆ ಹೋಗಿದ್ದವನಿಗೆ ಸುದ್ದಿ ಮುಟ್ಟಿರಲಿಲ್ಲ. ಕೈಯಲ್ಲಿ ಡಬ್ಬಿ.

"ಅಕ್ಕಾ, ಸಾಹೇಬ್ರು ಯಾವಾಗ ಬರ್ತಾರ್ರಿ? ಈ ಸಲ ಭಾರಿ ಪೈಲ್ವಾನ ಸಿಕ್ಕಾನ. ನಿಮ್ಮ ಮಾರಿಕಿಂತ ಮೊದಲ ಇದರ ಮಾರಿ ನೋಡ್ತಾರ, ನೋಡ್ತಿರ್ರಿ."

ಡಬ್ಬಿ ಇಸಿದುಕೊಂಡು ವಿಷಯ ಹೇಳಿದೆ. ಅವನು ಕಟ್ಟೆಯ ಮೇಲೆ ಕೂತ. "ತರ್ರಿ ಅಕ್ಕಾ, ಕಲ್ಲಾಗ ಬಿಟ್ಟು ಬರ್ತೀನಿ" ಎಂದು ಡಬ್ಬಿಗೆ ಕೈ ಚಾಚಿದ. ಅಷ್ಟರಲ್ಲಿ ನಾನು ರೂಢಿಯಂತೆ ಮುಚ್ಚಳ ತೆಗೆದು ಹತ್ತಿ ಇಡಲು ಹೋಗಿದ್ದೆ.

ಚೇಳು ನನ್ನ ಎಡಗೈ ತೋರುಬೆರಳಿಗೆ ಕುಟುಕಿದ್ದನ್ನು ಕಣ್ಣಾರೆ ನೋಡಿದೆ. ಕೊಂಡಿ ಚರ್ಮದೊಳಗೆ ಇಳಿದದ್ದೂ ಕಂಡಿತು. ಏನೂ ಅನ್ನಿಸಲಿಲ್ಲ.

ಒಳಗಿನಿಂದ ಅತ್ತೆ ಚೀರಿದರು. ಓಡಿಹೋದರೆ, ಅವರು ಬಲಗೈಯಲ್ಲಿ ತಮ್ಮ ಎಡಗೈಯ ತೋರುಬೆರಳು ಹಿಡಿದು ಹೊರಳಾಡುತ್ತಿದ್ದರು. "ಬೆರಳ ಸುಡಾಕತ್ತದ ಯವ್ವಾ, ಬೆಂಕಿ ಹತ್ತ್ಯದ." ಬೆರಳ ಮೇಲೆ ಗಾಯವಿರಲಿಲ್ಲ. ಅವರ ಮಂಚದಿಂದ ಬಾಗಿಲು ಕಾಣುವುದಿಲ್ಲ, ನಾವು ಯಾರೂ ಕೂಗಿರಲಿಲ್ಲ.

"ಕಡದದ್ದು ನಿಮಗ, ಒದರಾಕತ್ತವ್ರು ಅವ್ರು" ಎಂದ ಶಿವರಾಯ.

ಶಹಾಬಾದಿನ ಡಾಕ್ಟರು ನನಗೆ ಇಂಜೆಕ್ಷನ್ ಕೊಟ್ಟು, ವಿಷ ಒಳಗೆ ಇಳಿದಿರಲಿಕ್ಕಿಲ್ಲ ಎಂದರು. ಲಕ್ವಾ ಆದ ಕೈಯಲ್ಲಿ ಒಮ್ಮೊಮ್ಮೆ ನೋವು ಏಳುತ್ತದೆ ಎಂದೂ ಹೇಳಿದರು. ಬೇರೆ ಬೇರೆಯಾಗಿ ಎರಡನ್ನೂ ಒಪ್ಪುತ್ತೇನೆ. ಒಂದೇ ಗಳಿಗೆಯಲ್ಲಿ, ಒಂದೇ ಬೆರಳಿಗೆ ಹೇಗೆ ಎಂದು ಕೇಳಿದೆ. ಅವರು ಚೀಟಿ ಬರೆದು ಕೈಗಿಟ್ಟರು.

ಅತ್ತೆ ಹೊತ್ತು ಮುಳುಗುವ ತನಕ ಅತ್ತರು. ಮೊದಲು ಬೆರಳಿಗಾಗಿ, ಆಮೇಲೆ ಮಗನ ಹೆಸರು ಹಿಡಿದು. ಕತ್ತಲಾದ ಮೇಲೆ ಗಂಜಿ ಕೇಳಿ ಕುಡಿದರು. ನೋವು ಇಳಿಯಿತು, ಕೈ ಮೊದಲಿನಂತೆ ಮರಗಟ್ಟಿತು. ಆಮೇಲೆ ಕೆಲವು ವರ್ಷ ಬದುಕಿದರು. ಒಮ್ಮೊಮ್ಮೆ ಆ ಕೈಯನ್ನು ಮಡಿಲಲ್ಲಿಟ್ಟು ಸವರುತ್ತ, "ಭಾಳ ಸುಟ್ಟಿತ್ತು ನೋಡವ್ವ. ಆ ಉರಿ ಇನ್ನೊಂದೀಟು ಇರಬೇಕಿತ್ತು" ಅನ್ನುತ್ತಿದ್ದರು.

ನನಗೆ ಆ ಉರಿಯೂ ಅಳುವೂ ಇವತ್ತಿನವರೆಗೂ ಬಂದಿಲ್ಲ.