ತುಂಬಿಕೊಂಡೇ ವಾಪಸ್ ಬಂದ ಡಬ್ಬಿಗಳು

ಬೆಳಗಿನ ಐದು ಗಂಟೆ. ಅಮೆರಿಕದ ಐಸೆಲಿನ್ ಎಂಬ ಊರಿನಲ್ಲಿ, ಓಕ್ ಟ್ರೀ ರೋಡಿನ ಕಿರಾಣಿ ಅಂಗಡಿಯೊಂದರ ಹಿಂಬದಿಯ ಅಡುಗೆಮನೆಯಲ್ಲಿ ನಾಸಿರಾ ಬೇಳೆಕಟ್ಟನ್ನು ಮೂರನೇ ಸಲ ಸೋಸುತ್ತಿದ್ದಾರೆ. ಜೀರಿಗೆಯ ಒಂದು ಸಿಪ್ಪೆ ಕೆಳಗಿಳಿದರೂ ಮತ್ತೆ ಮೊದಲಿಂದ.

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರ ಊಟ ಇದು. ಹೊಟ್ಟೆ ಮೊಟ್ಟೆಯಷ್ಟಾಗಿರುತ್ತದೆ, ಗುಟುಕು ಗುಟುಕಾಗಿ ಕುಡಿಯಬೇಕು. ದಿನಕ್ಕೆ ಹದಿನಾಲ್ಕು ಮನೆ. ಯಾರ ಮನೆಗೆಂದು ಕೇಳಿದರೆ ಹೇಳುವುದಿಲ್ಲ. ಆಪರೇಷನ್ ವಿಷಯ ಹೊರಗೆ ಬಿಡಬಾರದೆಂಬುದೇ ಎಲ್ಲರ ಮೊದಲ ಷರತ್ತು.

"ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಸೋಸೋಳು ಅಷ್ಟೆ," ಎನ್ನುತ್ತಾರೆ.

ಮೈಸೂರಿನ ಮಂಡಿ ಮೊಹಲ್ಲಾದಿಂದ ಬಂದು ಹತ್ತೊಂಬತ್ತು ವರ್ಷ. ರಾಬಿನ್ಸ್‌ವಿಲ್‌ನ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ ಗಂಡ ಪೀರ್ ಅಹ್ಮದ್‌ರ ಮಂಡಿ ಸವೆದ ಮೇಲೆ ಶುರುವಾದ ಕೆಲಸ ಇದು. "ಊರಿಗೆಲ್ಲ ಗುಟುಕು ಲೆಕ್ಕ, ನನಗೆ ಮಾತ್ರ ಎರಡು ಪ್ಲೇಟ್ ಬಿರಿಯಾನಿ. ಮುಂದಿನ ಗಿರಾಕಿ ನಾನೇ!" ಎಂದು ಗಂಡ ರೇಗಿಸುತ್ತಾರೆ. ನಾಸಿರಾ ನಗುವುದಿಲ್ಲ. ಕಳೆದ ಚಳಿಗಾಲದಿಂದ ಅವರ ನಗು ಸ್ವಲ್ಪ ಕಡಿಮೆ.

ಆ ಚಳಿಗಾಲದ ಗಿರಾಕಿಯೊಬ್ಬಳು, ಹಂಸಿನಿ ಎಂದಿಟ್ಟುಕೊಳ್ಳಿ, ಅವಳಿಗೆ ಆಪರೇಷನ್ ಆಗಿ ಆಗ ಆರನೇ ವಾರ. ಆಪರೇಷನ್ನೇ ಬೇಡವೆಂದು ಹಟ ಹಿಡಿದಿದ್ದವನು ಅವಳ ಗಂಡ ಸಾಗರ್. "ವಾಂತಿ ಆಗುತ್ತೆ ಆಂಟಿ, ಗ್ಯಾಸ್ ಇರಬೇಕು. ಸಾಗರ್‌ಗೆ ಹೇಳಬೇಡಿ. 'ನಾನು ಆಗಲೇ ಹೇಳಿರಲಿಲ್ವಾ' ಅಂತ ಶುರು ಮಾಡ್ತಾರೆ," ಎಂದು ಹಂಸಿನಿ ಆಣೆ ಮಾಡಿಸಿಕೊಂಡಿದ್ದಳು. ನಾಸಿರಾ ಒಪ್ಪಿದ್ದರು.

ನಮ್ಮ ಕಡೆಯವರು ಬೇರೆಯವರ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವುದಿಲ್ಲ. ಹಂಸಿನಿಯ ಡಬ್ಬಿಯಲ್ಲೂ ಬಾಳೆಹಣ್ಣೋ ಕಲ್ಲುಸಕ್ಕರೆಯೋ ಬರುತ್ತಿತ್ತು. ಆ ಶುಕ್ರವಾರ, ಶನಿವಾರ, ಭಾನುವಾರ ಬಾಗಿಲ ಬಳಿ ಇಟ್ಟಿದ್ದ ಚೀಲ ಭಾರವಾಗಿತ್ತು. ಏನೋ ಮಾಡಿಟ್ಟಿದ್ದಾಳೆ ಎಂದುಕೊಂಡ ನಾಸಿರಾ, ಕೆಲಸದ ಗಡಿಬಿಡಿಯಲ್ಲಿ ಮೂರನ್ನೂ ಹಾಗೇ ಫ್ರಿಜ್ಜಿಗೆ ತಳ್ಳಿದರು.

ಸೋಮವಾರ ಬೆಳಿಗ್ಗೆ ತೆರೆದರೆ ಮೂರರಲ್ಲೂ ಅವರದೇ ಬೇಳೆಕಟ್ಟು.

ಓಡಿಹೋದರು. ಹಂಸಿನಿ ಗೋಡೆ ಹಿಡಿದು ಬಂದು ಬಾಗಿಲು ತೆಗೆದಳು. "ಇವತ್ತು ಶನಿವಾರ ಅಲ್ವಾ ಆಂಟಿ? ಸಾಗರ್ ಎಲ್ಲಿ? ನೀವು ಯಾಕೆ ಇಬ್ಬಿಬ್ಬರು ಕಾಣ್ತಿದೀರಿ?" ಸಾಗರ್ ಆಗಲೇ ಮ್ಯಾನ್‌ಹಟನ್ ರೈಲು ಹತ್ತಿಯಾಗಿತ್ತು. ಅವಳನ್ನು ಕೂರಿಸಿ ನಾಸಿರಾ ಫೋನ್ ಕೈಗೆತ್ತಿಕೊಂಡರು, ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. ಆಣೆ ದೊಡ್ಡದೋ, ತೂರಾಡುವ ಈ ಕಾಲು ದೊಡ್ಡದೋ? ತಾನು ಬರೀ ಅಡುಗೆಯವಳು, ಏನೂ ಇಲ್ಲದಿದ್ದರೆ? ಕಡೆಗೆ ಆಂಬುಲೆನ್ಸ್ ಕರೆದರು, ಆಮೇಲೆ ಸಾಗರ್‌ಗೆ ಫೋನ್ ಮಾಡಿದರು.

"ಏನಾಂಟಿ, ಚೆನ್ನಾಗಿ ಊಟ ಸೇರ್ತಿದೆ ಅಂದಿದ್ಲಲ್ಲ?"

"ಇಲ್ಲಪ್ಪ. ನನಗೂ ಗೊತ್ತಿತ್ತು. ಹೇಳಲಿಲ್ಲ."

ಆಸ್ಪತ್ರೆಯಲ್ಲಿ ನೋಡಿದರೆ, ಆಪರೇಷನ್‌ನಲ್ಲಿ ಹೊಟ್ಟೆಗೂ ಕರುಳಿಗೂ ಹಾಕಿದ್ದ ಜೋಡಣೆ ಕಿರಿದಾಗಿ ನೀರೂ ಇಳಿಯುತ್ತಿರಲಿಲ್ಲ. ವಾಂತಿ ಆಗಿ ಆಗಿ ಮೈಯಲ್ಲಿ ಬಿ-ಒನ್ ವಿಟಮಿನ್ ಬರಿದಾಗಿತ್ತು. ಇನ್ನೂ ತಡವಾಗಿದ್ದರೆ ನೆನಪು, ನಡಿಗೆ ಎರಡಕ್ಕೂ ಕಾಯಂ ಪೆಟ್ಟು ಬೀಳಬಹುದಿತ್ತು ಎಂದರು ಡಾಕ್ಟರು. ಹಾಸಿಗೆಯಲ್ಲಿದ್ದ ಹಂಸಿನಿ ಮುಖ ತಿರುಗಿಸಿದಳು: "ನಿಮಗೆ ಹೇಳಿದ್ದೇ ತಪ್ಪಾಯ್ತು."

ಎರಡು ತಿಂಗಳು ಮಾತಿಲ್ಲ. ಆಮೇಲೊಂದು ದಿನ ಅವಳೇ ಫೋನ್ ಮಾಡಿದಳು. "ಸಿಂಕಿಗೆ ಚೆಲ್ಲೋಕೆ ಮನಸ್ಸು ಬರಲಿಲ್ಲ ಆಂಟಿ. ಮೂರು ಸಲ ಸೋಸ್ತೀರಲ್ಲ, ಅದಕ್ಕೇ ಡಬ್ಬಿಗೇ ಸುರಿದಿಟ್ಟೆ."

ಆಣೆ ಮುರಿದದ್ದು ಸರಿಯೇ? ಮೊದಲೇ ಮುರಿಯಬೇಕಿತ್ತೇ? "ಗೊತ್ತಾಗಲ್ಲ. ಎರಡೂ ಕಡೆಯಿಂದ ನಾನೇ ತಪ್ಪು ಅನಿಸುತ್ತೆ," ಎನ್ನುತ್ತಾ ಸ್ಟೌ ಆರಿಸುತ್ತಾರೆ. ಈಗ ಗಿರಾಕಿಗಳಿಗೆ ಅವರದೂ ಒಂದು ಷರತ್ತು.

"ಹಣ್ಣು ಬೇಡ, ಸಕ್ಕರೆ ಬೇಡ, ಆ ಮರ್ಯಾದೆಯೇ ಬೇಡ. ಬರೀ ಡಬ್ಬಿ ಕಳಿಸಿ. ಭಾರ ಇದ್ರೆ ನಾನು ಬಾಗಿಲು ತಟ್ತೀನಿ."