ಅವ್ವ ಆರಿಸಿದ ಶೇಂಗಾ ಹೊಟ್ಟು

ನಿನ್ನೆ ಚಂದಾಪುರದಲ್ಲಿ ಶೇಂಗಾ ಹೊಟ್ಟು ಹೇರಿದ ಟ್ರ್ಯಾಕ್ಟರ್ ಪಕ್ಕದಲ್ಲೇ ಹೋಯಿತು. ಆ ವಾಸನೆ ನನ್ನನ್ನು ತವರೂರು ಕುರಕುಂಟಾದ ನಮ್ಮ ಅಂಗಳಕ್ಕೆ ಎಳೆದೊಯ್ದಿತು.

ನಾನು ಚಿಕ್ಕವಳಿದ್ದಾಗ, ಹಾಲು ಬಿಟ್ಟ ಆಡಿನ ಎರಡು ಮರಿಗಳು ಮೊದಲ ಸಲ ನಮ್ಮ ಮನೆಗೆ ಬರುವುದಿತ್ತು. ಅವ್ವ ಹೊಟ್ಟನ್ನು ಹಿಡಿಹಿಡಿಯಾಗಿ ಕೆನ್ನೆಗೆ ಒತ್ತಿ ನೋಡಿ, ಚುಚ್ಚದಿರುವುದನ್ನಷ್ಟೇ ಚೀಲಕ್ಕೆ ತುಂಬಿದಳು. ಮರಿ ತರಲು ಹೋದಾಗ ಆ ಹೊಟ್ಟಿನಿಂದಲೇ ತಾಯಿ ಆಡಿನ ಮೈಯನ್ನೆಲ್ಲ ತಿಕ್ಕಿದಳು.

"ಇದ್ಯಾಕವ್ವಾ?"

"ತಾಯಿ ವಾಸನಿ ಇದ್ರ ಹೊಸ ಮನ್ಯಾಗ ಬಾಯಿ ಹಚ್ತಾವ. ಇಲ್ಲಂದ್ರ ಉಪಾಸ ಕುಂದ್ರತಾವ."

ಮನೆಗೆ ತಂದ ಮೇಲೆ ಮರಿಗಳು ಒಂದಿಷ್ಟು ಹೊತ್ತು ಅರಚಿ, ಆ ಹೊಟ್ಟಿಗೆ ಮೂತಿಯಿಟ್ಟು ಸುಮ್ಮನಾದವು.

ನನ್ನ ಮದುವೆಯಾದಾಗ ಹೊಸ ಸೀರೆಗಳ ನಡುವೆ ಅವ್ವ ತಾನು ಉಟ್ಟ ಹಳೆಯ ಸೀರೆಯೊಂದನ್ನು ಒಗೆಯದೆ ನನ್ನ ಟ್ರಂಕಿನಲ್ಲಿಟ್ಟಿದ್ದಳು. ಅವ್ವ ಈಗಿಲ್ಲ. ನಿನ್ನೆ ಅದನ್ನು ತೆಗೆದು ಮುಖಕ್ಕೆ ಒತ್ತಿಕೊಂಡೆ.

ಬರೀ ಟ್ರಂಕಿನ ವಾಸನೆ ಬಂತು.