ನೂರಿಗೆ ನಿಲ್ಲಲು ಕಲಿಸಿದ ನಬಿಸಾಬ

ಕುಡಚಿಯ ಹೊಳೆದಂಡೆಯಲ್ಲಿ ಬೆಳಕು ಹರಿಯುವ ಹೊತ್ತು. ಕುದುರೆಯ ಮೇಲೆ ಮದುಮಗನಾಗಿ ಕೂತಿರುವುದು ಒಂದು ಜೋಳದ ಚೀಲ. ಚೀಲಕ್ಕೆ ಹಳೆಯ ರುಮಾಲು, ರುಮಾಲಿಗೆ ಕಾಗದದ ಬಾಸಿಂಗ. ಹಿಂದೆ ದಾವಲಬಿ ಖಾಲಿ ಎಣ್ಣೆಡಬ್ಬಿ ಬಡಿಯುತ್ತ ಬರುತ್ತಿದ್ದಾರೆ. ಬ್ಯಾಂಡಿನವರ ಪಾತ್ರ ಅವರದು. ಮುಂದೆ ಲಗಾಮು ಹಿಡಿದು ನಡೆಯುತ್ತಿರುವವರು ಅವರ ಯಜಮಾನರು ನಬಿಸಾಬ. ಬಟ್ಟೆ ಒಗೆಯಲು ಬರುವವರು ಮೊದಲೆಲ್ಲ ಈ ಮೆರವಣಿಗೆ ಕಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಈಗ ನಕ್ಕು ಸಾಕಾಗಿ ತಮ್ಮ ಪಾಡಿಗೆ ಒಗೆಯುತ್ತಾರೆ.

"ಠೈರ್ ಬೇಟಾ," ಎನ್ನುತ್ತ ನಬಿಸಾಬ ಲಗಾಮನ್ನು ಒಂದಿಷ್ಟೇ ಎಳೆಯುತ್ತಾರೆ. ಕುದುರೆ ನಿಲ್ಲುತ್ತದೆ. ಅಂಗೈಯ ಬೆಲ್ಲದ ಚೂರು ಅದರ ಬಾಯಿಗೆ ಹೋಗುತ್ತದೆ. ಮತ್ತೆ ಹತ್ತು ಹೆಜ್ಜೆ, ಮತ್ತೆ ನಿಲ್ಲುವುದು. ಹೀಗೆ ದಿನಕ್ಕೆ ಅರವತ್ತು ಸಲ. ಘಾಟಿನ ಕಟ್ಟೆಯಿಂದ ಚೀಲವನ್ನು ಬೆನ್ನಿಗೆ ಏರಿಸಿ ಇಳಿಸುವುದು ಇಪ್ಪತ್ತು ಸಲ. ಐವತ್ತೆಂಟರ ಸೊಂಟಕ್ಕೆ ಇದು ಸಣ್ಣ ಕೆಲಸವೇನಲ್ಲ.

ನಬಿಸಾಬ ಕುಡಚಿ ಸ್ಟೇಷನ್ನಿನ ಮುಂದೆ ಮೂವತ್ತು ವರ್ಷ ಟಾಂಗಾ ಹೊಡೆದವರು. ಟೆಂಪೋಗಳು ಬಂದವು, ಸವಾರಿ ಕಡಿಮೆಯಾಯಿತು, ಕೊನೆಗೆ ಟಾಂಗಾದ ಮುದಿ ಕುದುರೆಯೂ ಕಣ್ಣು ಮುಚ್ಚಿತು. ಅದೇ ವರ್ಷ, ೧೯೯೦ರಲ್ಲಿ, ಪುಣೆಯ ಲಾಯವೊಂದರಲ್ಲಿ ಕೆಲಸಕ್ಕಿದ್ದ ಅವರ ಷಡ್ಡಕ ಒಂದು ಸುದ್ದಿ ತಂದರು. ರೇಸಿನಲ್ಲಿ ಓಡುತ್ತಿದ್ದ ಹೆಣ್ಣುಕುದುರೆಯೊಂದರ ಕಾಲಿನ ನರ ಉಳುಕಿದೆ. ಇನ್ನು ರೇಸಿಗೆ ಆಗದು. ಅದನ್ನು ಓಟಕ್ಕೂ ಗಾಡಿಗೂ ಹಚ್ಚುವುದಿಲ್ಲವೆಂದು ಮಾತು ಕೊಟ್ಟವರಿಗೆ ಮಾಲಕರು ಸುಮ್ಮನೆ ಕೊಡುತ್ತಾರಂತೆ. ನಬಿಸಾಬ ಮಾತು ಕೊಟ್ಟರು. ಕಾಗದದಲ್ಲಿ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಮನೆಯಲ್ಲಿ ಯಾರ ನಾಲಿಗೆಗೂ ಅದು ಹೊರಳಲಿಲ್ಲ. ದಾವಲಬಿ ನೂರಿ ಎಂದು ಕರೆದರು.

ಮದುವೆಗಳಲ್ಲಿ ವರನನ್ನು ಕೂರಿಸಿ ಮೆರವಣಿಗೆ ಮಾಡಿಸಬೇಕೆಂಬುದು ನಬಿಸಾಬರ ಲೆಕ್ಕಾಚಾರ. "ಹುಟ್ಟಿದಾಗಿಂದ ಕುದುರಿ ಜೋಡಿ ಇದ್ದಾಂವ್ರಿ ನಾ. ನನಗೇನ ಹೊಸಾದು ಅಂತ ಸೊಕ್ಕ ಇತ್ತು," ಎನ್ನುತ್ತಾರೆ.

ಆ ಸೊಕ್ಕು ಇಳಿದದ್ದು ರಾಯಬಾಗದ ಕಡೆಯ ಒಂದು ಹಳ್ಳಿಯಲ್ಲಿ, ಮೊದಲ ಮದುವೆಯಲ್ಲೇ. ಪಟಾಕಿ ಸದ್ದಿಗೆ ನೂರಿ ಬೆಚ್ಚಿತು. ವರ ಲಗಾಮು ಎಳೆದ. ನೂರಿ ಓಡಿತು. ಟಾಂಗಾದವನ ಬಾಯಿಗೆ ಬರುವುದೇನು? "ಎಳೀರಿ, ಗಟ್ಟಿ ಎಳೀರಿ" ಎಂದು ಕೂಗುತ್ತ ನಬಿಸಾಬ ಬೆನ್ನು ಹತ್ತಿದರು. ಪಾಪ, ವರ ಹೇಳಿದಂತೆ ಕೇಳಿದ. ಎಳೆದಷ್ಟೂ ಕುದುರೆಯ ಓಟ ಜೋರಾಯಿತು. ಬಾಸಿಂಗ ಕಬ್ಬಿನ ಗದ್ದೆಯಲ್ಲಿ ಸಿಕ್ಕಿತು, ವರ ಒಂದೂವರೆ ಮೈಲಿನಾಚೆ ಮೇವಿನ ಬಣವೆಯ ಮೇಲೆ ಸಿಕ್ಕ. ದೇವರು ದೊಡ್ಡವನು, ಮೈಗೆ ಪೆಟ್ಟಾಗಿರಲಿಲ್ಲ.

ಆಮೇಲೆ ಷಡ್ಡಕ ಬಿಡಿಸಿ ಹೇಳಿದರು. ಟಾಂಗಾದ ಕುದುರೆಗೆ ಲಗಾಮು ಬಿಗಿದರೆ ನಿಲ್ಲು ಎಂದರ್ಥ. ರೇಸಿನ ಕುದುರೆ ಆ ಬಿಗಿತಕ್ಕೇ ಬಾಯಿ ಆನಿಸಿಕೊಂಡು ಓಡುತ್ತದೆ. ಸಡಿಲ ಬಿಟ್ಟಾಗಲೇ ಓಟ ಮುಗಿಯಿತೆಂದು ತಿಳಿಯುತ್ತದೆ. "ತಪ್ಪ ಕುದುರಿದಲ್ರಿ. ಅದಕ್ಕ ಏನ ಕಲಿಸಿದ್ರೋ ಅದನ್ನ ಮಾಡಿತ್ತು," ಎನ್ನುವಾಗ ನಬಿಸಾಬರ ತಲೆ ತಗ್ಗುತ್ತದೆ. "ಮೊದಲ ಕೇಳಬೇಕಾಗಿತ್ತು. ನಾ ಕೇಳಲಿಲ್ಲ."

ಎಂಟು ತಿಂಗಳು ಯಾರೂ ಮದುವೆಗೆ ಕರೆಯಲಿಲ್ಲ. ಕುದುರೆ ಕೇಳಿಕೊಂಡು ಬಂದವರು ಒಬ್ಬರೇ, ತೆಲಸಂಗದ ಭೀಮಸಿ. ಕುದುರೆಗಾಡಿ ಓಡಿಸುವ ಶರ್ಯತ್ತೆಂದರೆ ಊಟ ಬಿಡುವ ಮನುಷ್ಯ. ಮೂರು ಸಲ ಬಂದರು. "ಇಂಥಾ ಕುದುರಿಗೆ ನಡಿಯೂದ ಕಲಿಸಾಕತ್ತೀರಲ್ಲ ಸಾಬರ, ಮಂದಿ ನಗತಾರ. ನನ್ನ ಗಾಡಿಗೆ ಹೂಡ್ತೀನಿ, ಕೊಡ್ರಿ," ಎಂದರು. ಮೂರು ಸಲವೂ ನಬಿಸಾಬ ಚಹಾ ಕುಡಿಸಿ ಕಳಿಸಿದರು.

ಆದರೆ ಮನೆಯೊಳಗಿನ ಮಾತಿಗೆ ಚಹಾ ಸಾಲಲಿಲ್ಲ. "ದಿನಾ ಎರಡ ಸೇರ ಹುರಳಿ ನಾನ ನೆನಿಹಾಕತೀನ್ರಿ. ನಂದೂ ಜೀವ ಐತಿ ಅದರ ಮ್ಯಾಲ," ಎನ್ನುತ್ತಾರೆ ದಾವಲಬಿ. "ಆದ್ರ ನಾಳಿ ಯಾರದರ ಮಗ ಬಿದ್ದ ಸತ್ರ? ಇನ್ನೊಂದ ಮದುವಿ ನೋಡೂನು, ಅಲ್ಲೂ ಓಡಿತಂದ್ರ ಭೀಮಸಿಗೆ ಕೊಟ್ಟಬಿಡೂನು ಅಂದೆ." ನಬಿಸಾಬ ಆಗಲಿ ಎಂದರು. ಮರುದಿನ ನಸುಕಿನಲ್ಲೇ ಡಬ್ಬಿ ಹಿಡಿದು ಹೊಳೆಗೆ ಹೊರಟವರೂ ದಾವಲಬಿಯೇ.

ಆ ಇನ್ನೊಂದು ಮದುವೆ ಶಿರಗುಪ್ಪಿಯಲ್ಲಿ, ಕಳೆದ ತಿಂಗಳು. ಕಬ್ಬು ಬೆಳೆಯುವ ಅಣ್ಣಾಸಾಬರ ಮನೆಯದು. ಮುಂಜಾನೆ ವರ ನೂರಿಯನ್ನೇರಿ ಹನುಮಂತ ದೇವರ ಗುಡಿಗೆ ಹೊರಟಿದ್ದ. ಪಟಾಕಿ ಬೇಡವೆಂದು ನಬಿಸಾಬ ಕೈಮುಗಿದು ಹೇಳಿದ್ದರೂ ಯಾರೋ ಓಣಿಯ ತಿರುವಿನಲ್ಲಿ ಸರವನ್ನೇ ಹಚ್ಚಿದರು. ಕುಣಿಯುವವರ ನೂಕಾಟದಲ್ಲಿ ನಬಿಸಾಬ ಹತ್ತು ಮಾರು ಹಿಂದೆ ಬಿದ್ದಿದ್ದರು. ಗಾಬರಿಯಾದ ವರ ಎರಡೂ ಕೈಯಿಂದ ಲಗಾಮು ಎಳೆದ.

ನೂರಿಯ ಮೈ ಗಡಗಡ ನಡುಗಿತು. ಕಿವಿ ಹಿಂದಕ್ಕೆ ಹೋದವು. ಅಲ್ಲೇ ನಿಂತಿತು. ಸರ ಸುಟ್ಟು ಮುಗಿದರೂ, ಬ್ಯಾಂಡು ಮುಂದೆ ಸಾಗಿದರೂ ಕದಲಲಿಲ್ಲ. ಕತ್ತು ಹೊರಳಿಸಿ ಗುಂಪಿನಲ್ಲಿ ಯಾರನ್ನೋ ಹುಡುಕುತ್ತಿತ್ತು. "ಏನ್ರಿ ಸಾಬರ, ನಿಮ್ಮ ಕುದುರಿ ಮುಂದ ಹೋಗವಲ್ದು. ಅಕ್ಷತಾ ಹಾಕಾಕ ಹೊತ್ತಾತು," ಎಂದು ಅಣ್ಣಾಸಾಬರು ರೇಗಿದರು. ನಬಿಸಾಬ ಜನರ ನಡುವೆ ನುಸುಳಿ ಹೋಗಿ ಕಿಸೆಯ ಬೆಲ್ಲ ತೆಗೆದು ಅದರ ಬಾಯಿಗಿಟ್ಟರು.

ಮೊನ್ನೆ ಕಾಗವಾಡದಿಂದ ಒಂದು ಮದುವೆಗೆ ಹೇಳಿಕೆ ಬಂದಿದೆ. ಹೊಳೆಯಿಂದ ಮರಳುವಾಗ ನೂರಿಯ ಕುತ್ತಿಗೆ ಸವರುತ್ತ ನಬಿಸಾಬ ಆ ದಿನವನ್ನು ಮತ್ತೆ ನೆನೆಯುತ್ತಾರೆ. "ಕುದುರಿ ಅಂಜಿ ನಿಂತೈತಿ ಅಂತ ಊರ ಮಂದೆಲ್ಲಾ ನಕ್ಕರು. ನಗಲಿ ಬಿಡ್ರಿ. ಬರೇ ಅಂಜಿಕಿನ ಇದ್ದಿದ್ರ ಅದು ಓಡತಿತ್ತು."